ಗರ್ನ್ಸಿಯ ಟಪಾಲು

1852ರ ನವೆಂಬರ್ 23ರಂದು ಜರ್ಸಿ ದ್ವೀಪದ ಸೇಂಟ್ ಹೆಲಿಯರ್ ಪಟ್ಟಣದಲ್ಲಿ ನಾಲ್ಕು ಎರಕದ ಕಬ್ಬಿಣದ ಅಂಚೆ ಪೆಟ್ಟಿಗೆಗಳು ಬಳಕೆಗೆ ಬಂದವು. ಬ್ರಿಟಿಷ್ ಅಂಚೆ ಇಲಾಖೆ ರಸ್ತೆ ಬದಿಯಲ್ಲಿ ಇಂಥ ಪೆಟ್ಟಿಗೆ ನಿಲ್ಲಿಸಿದ್ದು ಅದೇ ಮೊದಲು. ಹಾಗೆ ಮಾಡಿ ಎಂದು ಸಲಹೆ ಕೊಟ್ಟವನು ಇಲಾಖೆಯ ಅಧಿಕಾರಿ ಆಂಥೊನಿ ಟ್ರಾಲಪ್. ಮುಂದೆ ಇಂಗ್ಲಿಷಿನ ದೊಡ್ಡ ಕಾದಂಬರಿಕಾರರಲ್ಲಿ ಒಬ್ಬನೆನಿಸಿಕೊಂಡವನೂ ಅವನೇ. ಹಿಂದಿನ ವರ್ಷ ಈ ದ್ವೀಪಗಳಿಗೆ ತಪಾಸಣೆಗೆಂದು ಬಂದಾಗ ಅವನಿಗೆ ಜನರ ಪಾಡು ಕಂಡಿತ್ತು. ಇಂಗ್ಲೆಂಡಿನಿಂದ ಬರುವ ಟಪಾಲು ಹಡಗು ಗಾಳಿಯನ್ನೂ ಉಬ್ಬರವಿಳಿತವನ್ನೂ ನೋಡಿಕೊಂಡು ಬರಬೇಕು, ಹೊರಡಬೇಕು. ಗೊತ್ತಾದ ವೇಳೆ ಎಂಬುದಿಲ್ಲ. ಕಾಗದ ಹಾಕಬೇಕಾದವರು ಊರಿನ ಆ ಕೊನೆಯಿಂದ ಈ ಕೊನೆಗೆ ಅಂಚೆ ಕಚೇರಿಯವರೆಗೆ ಓಡಬೇಕು.

ಪೆಟ್ಟಿಗೆಗಳು ಬಂದ ಹೊತ್ತಿಗೆ ಅದೇ ಊರಿನ ಕಡಲ ದಂಡೆಯ ಮರೀನ್ ಟೆರೇಸ್ ಎಂಬ ಬಾಡಿಗೆ ಮನೆಯಲ್ಲಿ ವಿಕ್ಟರ್ ಹ್ಯೂಗೋನ ಸಂಸಾರ ಬೀಡುಬಿಟ್ಟಿತ್ತು. ಹ್ಯೂಗೋ ಅಲ್ಲಿಗೆ ಬಂದಿಳಿದದ್ದು ಅದೇ ಆಗಸ್ಟ್ 5ರಂದು. ಫ್ರಾನ್ಸಿನ ಅತಿ ಪ್ರಸಿದ್ಧ ಕವಿ, ನಾಟಕಕಾರ, ಸಂಸತ್ತಿನ ಸದಸ್ಯ. ಈಗ ದೇಶದಿಂದ ಹೊರದಬ್ಬಿಸಿಕೊಂಡವನು. ರೊಟ್ಟಿ ಕದ್ದು ಜೈಲಿಗೆ ಹೋದವನ ಕಥೆ ಬರೆದವನೆಂದು ನಾವು ಬಲ್ಲ ಹ್ಯೂಗೋ, ಆ ಕಾದಂಬರಿಯನ್ನು ಬರೆದು ಮುಗಿಸಿದ್ದೂ ಅಚ್ಚು ಹಾಕಿಸಿದ್ದೂ ಹೊರನಾಡಿನಲ್ಲಿದ್ದುಕೊಂಡೇ. ಹದಿನೆಂಟು ವರ್ಷಕ್ಕೂ ಮಿಕ್ಕಿ ತಾಯ್ನಾಡಿನೊಡನೆ ಅವನ ಎಲ್ಲ ವ್ಯವಹಾರ ನಡೆದದ್ದು ಕಾಗದದ ಮೂಲಕ. ಆ ವರ್ಷಗಳನ್ನು ಅವನ ಕಾವ್ಯದಿಂದ ಅಳೆಯುವುದು ವಾಡಿಕೆ. ಅವನ ಟಪಾಲಿನಿಂದ ಅಳೆದರೆ ಆ ಬಾಳಿನ ಎತ್ತರವೂ ಅದಕ್ಕೆ ತೆತ್ತ ಬೆಲೆಯೂ ಇನ್ನಷ್ಟು ನಿಚ್ಚಳವಾಗಿ ಕಾಣುತ್ತವೆ ಎಂದು ನನ್ನ ನಂಬಿಕೆ.

ಗಡೀಪಾರಿನ ಹಿನ್ನೆಲೆ ಚಿಕ್ಕದು. 1851ರ ಡಿಸೆಂಬರ್ 2ರಂದು ಅಧ್ಯಕ್ಷ ಲೂಯಿ ನೆಪೋಲಿಯನ್ ಸೈನ್ಯದ ಬಲದಿಂದ ಅಧಿಕಾರ ಕಸಿದುಕೊಂಡ. ಪ್ರತಿರೋಧಕ್ಕೆ ಇಳಿದ ಹ್ಯೂಗೋ ಕೆಲವು ದಿನ ಪ್ಯಾರಿಸ್ಸಿನಲ್ಲಿ ತಲೆಮರೆಸಿಕೊಂಡಿದ್ದು, 11ರ ರಾತ್ರಿ ಕೂಲಿಕಾರನ ವೇಷದಲ್ಲಿ ಬ್ರಸೆಲ್ಸ್ ರೈಲು ಹತ್ತಿದ. ಜೇಬಿನಲ್ಲಿದ್ದ ಪಾಸ್‌ಪೋರ್ಟು ಅಚ್ಚುಮೊಳೆ ಜೋಡಿಸುವ ಲಾನ್ವೆಂ ಎಂಬವನದು. ಅಡಗುತಾಣ ಹುಡುಕಿಕೊಟ್ಟು ಅವನನ್ನು ಉಳಿಸಿದವಳು ಜೂಲಿಯೆಟ್ ದ್ರುವೆ, ಒಂದು ಕಾಲದ ನಟಿ, 1833ರಿಂದ ಅವನ ಸಂಗಾತಿ. ಒಂದೆರಡು ದಿನ ಬಿಟ್ಟು ಹಸ್ತಪ್ರತಿಗಳ ಟ್ರಂಕನ್ನು ಗಡಿ ದಾಟಿಸಿ ತಂದವಳೂ ಅವಳೇ. ಅದರೊಳಗೆ ರೊಟ್ಟಿ ಕದ್ದವನ ಆ ಕಥೆ, ಅರ್ಧಕ್ಕೆ ನಿಂತಿದ್ದ ‘ಲೆ ಮಿಸರಾಬಲ್’, ಇತ್ತು. ಮುಂದಿನ ಜನವರಿಯಲ್ಲಿ 66 ಜನಪ್ರತಿನಿಧಿಗಳನ್ನು ದೇಶದಿಂದ ಹೊರಹಾಕುವ ಆಜ್ಞೆ ಹೊರಟಿತು. ಪಟ್ಟಿಯಲ್ಲಿ ಹ್ಯೂಗೋನ ಹೆಸರೂ ಇತ್ತು. ಬ್ರಸೆಲ್ಸಿನಲ್ಲಿ ಅವನು ‘ಕಿರಿಯ ನೆಪೋಲಿಯನ್’ ಎಂಬ ಪುಸ್ತಕ ಬರೆದ. ಅದು ಹೊರಬಿದ್ದರೆ ಬೆಲ್ಜಿಯಂ ಸರಕಾರಕ್ಕೆ ಸಂಕಟ. ಹಾಗಾಗಿ ಪುಸ್ತಕ ಅಂಗಡಿಗೆ ಬರುವ ಮೊದಲೇ ಜರ್ಸಿಗೆ ಹೊರಟುಬಿಟ್ಟ.

ಜರ್ಸಿ, ಗರ್ನ್ಸಿ ಮೊದಲಾದ ಚಾನೆಲ್ ದ್ವೀಪಗಳು ಇಂಗ್ಲೆಂಡಿನ ರಾಣಿಗೆ ಸೇರಿದ್ದರೂ ಕಣ್ಣಳತೆಯಲ್ಲಿರುವುದು ಫ್ರಾನ್ಸಿಗೆ. ಜನರ ಮಾತೂ ಕಾನೂನಿನ ಭಾಷೆಯೂ ಆಗ ಫ್ರೆಂಚ್ ಬಳಿಯವೇ. ಆಕಾಶ ತಿಳಿಯಾಗಿದ್ದ ದಿನ ತಾಯ್ನಾಡಿನ ತೀರ ಕಾಣುತ್ತದೆ. ಆದರೆ ಅಲ್ಲಿಗೆ ಒಂದು ಕಾಗದ ತಲುಪಿಸುವುದು ಎಷ್ಟು ಕಷ್ಟ! ಫ್ರಾನ್ಸಿನ ಅಂಚೆಯಲ್ಲಿ ‘ಕಪ್ಪು ಕೋಣೆ’ ಎಂದು ಕುಖ್ಯಾತವಾದ ಗುಪ್ತ ವಿಭಾಗವಿತ್ತು. ಅನುಮಾನ ಬಂದ ಲಕೋಟೆಯನ್ನು ಬಿಚ್ಚಿ, ಓದಿ, ಮತ್ತೆ ಅಂಟಿಸಿ ಕಳಿಸುವುದೇ ಅದರ ಕಸುಬು. ದ್ವೀಪದೊಳಗೂ, ಈಗ ಚಕ್ರವರ್ತಿಯಾಗಿದ್ದ ಲೂಯಿ ನೆಪೋಲಿಯನ್‌ನ ಗೂಢಚಾರರಿದ್ದರು. 1853ರಲ್ಲಿ ಯೂಬೇರ್ ಎಂಬವನು ಪೊಲೀಸರ ಸಂಬಳ ತಿನ್ನುತ್ತಿದ್ದದ್ದು ಬಯಲಾದಾಗ ದೇಶಭ್ರಷ್ಟರಲ್ಲಿ ಕೆಲವರು ಅವನನ್ನು ಕೊಂದೇ ತೀರಬೇಕೆಂದು ಹೊರಟರು. ಅವನ ಜೀವ ಉಳಿಯುವಂತೆ ವಾದಿಸಿದವನು ಹ್ಯೂಗೋ.

ಆದ್ದರಿಂದ ಕಾಗದಗಳು ಸುತ್ತುದಾರಿ ಹಿಡಿದವು. ಪ್ರಯಾಣಿಕರ ಕೋಟಿನ ಒಳಪದರದಲ್ಲಿ ಹೋದವು, ಬೇರೆಯವರ ಹೆಸರಿನ ಲಕೋಟೆಯೊಳಗೆ ಹೋದವು. ಈ ಸುತ್ತುದಾರಿಗಳಲ್ಲಿ ಒಂದನ್ನಂತೂ ಸಾಹಿತ್ಯ ಪ್ರೇಮಿಗಳು ಮರೆಯಬಾರದು. ಪ್ಯಾರಿಸ್ಸಿನ ಕವಯಿತ್ರಿ ಲೂಯಿಸ್ ಕೊಲೆ ಹ್ಯೂಗೋನೊಡನೆ ಪತ್ರ ವ್ಯವಹಾರ ಇಟ್ಟುಕೊಂಡಿದ್ದಳು. ಜರ್ಸಿಯಿಂದ ಹೊರಟ ಅವನ ಕಾಗದ ಮೊದಲು ಲಂಡನ್ನಿನ ಒಂದು ವಿಳಾಸಕ್ಕೆ ಹೋಗುತ್ತಿತ್ತು. ಅಲ್ಲಿಂದ ಹೊಸ ಲಕೋಟೆಯಲ್ಲಿ ರೂಆಂ ಪಟ್ಟಣದ ಹತ್ತಿರದ ಕ್ರ್ವಾಸೆ ಎಂಬ ಹಳ್ಳಿಗೆ. ಅಲ್ಲಿ ನದಿ ದಂಡೆಯ ಮನೆಯಲ್ಲಿ, ಆವರೆಗೆ ಏನೂ ಪ್ರಕಟಿಸಿ ಹೆಸರಾಗದ, ಮೂವತ್ತು ದಾಟಿದ ಒಬ್ಬ ಲೇಖಕ ಅದನ್ನು ಮತ್ತೊಂದು ಲಕೋಟೆಗೆ ಹಾಕಿ ಪ್ಯಾರಿಸ್ಸಿಗೆ ಕಳಿಸುತ್ತಿದ್ದ. ಅವನು ಗುಸ್ತಾವ್ ಫ್ಲೋಬೇರ್. ಮೇಜಿನ ಮೇಲೆ ‘ಮದಾಂ ಬೊವಾರಿ’ ದಿನಕ್ಕೆ ಕೆಲವೇ ಸಾಲಿನಂತೆ ಬೆಳೆಯುತ್ತಿತ್ತು. ಒಂದು ವಾಕ್ಯಕ್ಕಾಗಿ ಗಂಟೆಗಟ್ಟಲೆ ನರಳುವ ಆ ಮನುಷ್ಯ, ಹದಿಹರೆಯದಿಂದ ತಾನು ಆರಾಧಿಸಿದ ಹ್ಯೂಗೋನ ಕಾಗದಗಳಿಗೆ ಅಂಚೆಯಾಳಾಗಿ ನಿಂತ. ಲೂಯಿಸ್‌ಗೆ ಬರೆಯುವಾಗ ಅವನು ಹ್ಯೂಗೋನನ್ನು ‘ಮೊಸಳೆ’ ಎಂದು ಕರೆಯುತ್ತಿದ್ದ. ಬೇರೆಯವರ ಕೈಗೆ ಸಿಕ್ಕರೂ ತಿಳಿಯದ ಗುಟ್ಟಿನ ಹೆಸರು, ಜೊತೆಗೆ ಅಕ್ಕರೆಯದೂ ಹೌದು. ಸಿಕ್ಕಿಬಿದ್ದರೆ ಪೊಲೀಸರ ಕಿರುಕುಳ ಖಂಡಿತವಿದ್ದ ಕೆಲಸ ಅದು. ರಾಜಕೀಯವೆಂದರೆ ದೂರ ನಿಲ್ಲುತ್ತಿದ್ದ ಫ್ಲೋಬೇರ್ ಅದನ್ನು ಸದ್ದಿಲ್ಲದೆ ಮಾಡಿದ. ಅವನ ಮೇಲಿನ ನನ್ನ ಗೌರವ ಇದರಿಂದ ಹೆಚ್ಚಿದೆ.

ಕಾಗದವೇ ಕಷ್ಟವೆಂದ ಮೇಲೆ ಪುಸ್ತಕದ ಮಾತೇನು? 1853ರ ‘ಶಿಕ್ಷೆಗಳು’ ಕವನ ಸಂಕಲನಕ್ಕೆ ಎರಡು ಆವೃತ್ತಿ ಮಾಡಿಸಿದರು. ಕತ್ತರಿ ಪ್ರಯೋಗವಾದ ಒಂದು ಬ್ರಸೆಲ್ಸಿನ ಹೆಸರಿನಲ್ಲಿ. ಪೂರ್ತಿ ಪಾಠದ ಇನ್ನೊಂದು ಜಿನೀವಾ, ನ್ಯೂಯಾರ್ಕ್ ಎಂಬ ಸುಳ್ಳು ಊರುಗಳ ಹೆಸರಿನಲ್ಲಿ. ಎರಡನೆಯದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಚಕ್ರವರ್ತಿಯದೇ ಟೊಳ್ಳು ಪ್ಲಾಸ್ಟರ್ ಪ್ರತಿಮೆಗಳ ಹೊಟ್ಟೆಯಲ್ಲಿ ಹ್ಯೂಗೋನ ಪುಸ್ತಕಗಳು ಗಡಿ ದಾಟಿದವೆಂದು ಹೇಳುವುದುಂಟು.

1855ರಲ್ಲಿ ಜರ್ಸಿಯೂ ಕೈಬಿಟ್ಟಿತು. ಅದಕ್ಕೂ ಕಾರಣ ಒಂದು ಕಾಗದವೇ. ವಿಕ್ಟೋರಿಯಾ ರಾಣಿ ಪ್ಯಾರಿಸ್ಸಿಗೆ ಹೋಗಿ ಚಕ್ರವರ್ತಿಯ ಅತಿಥಿಯಾದದ್ದನ್ನು ಹಂಗಿಸಿ ಫೆಲಿಕ್ಸ್ ಪಿಯಾ ಬರೆದ ಬಹಿರಂಗ ಪತ್ರವನ್ನು ದೇಶಭ್ರಷ್ಟರ ಪತ್ರಿಕೆ ಅಚ್ಚು ಹಾಕಿತು. ಪತ್ರಿಕೆಯವರನ್ನು ದ್ವೀಪದಿಂದ ಓಡಿಸಿದರು. ಅದನ್ನು ಪ್ರತಿಭಟಿಸಿದ ಹೇಳಿಕೆಗೆ ಹ್ಯೂಗೋ ಸಹಿ ಹಾಕಿದ; ಅವನಿಗೂ ಹೊರಡುವ ಆಜ್ಞೆ ಬಂತು. ಅಕ್ಟೋಬರ್ 31ರಂದು ಪಕ್ಕದ ಗರ್ನ್ಸಿಗೆ ಹೊರಟ. ಮುಂದಿನ ವಸಂತದಲ್ಲಿ ‘ಚಿಂತನೆಗಳು’ ಕವನ ಸಂಕಲನ ಬಿಸಿಬಿಸಿಯಾಗಿ ಮಾರಾಟವಾಗಿ ಕೈತುಂಬ ಹಣ ಬಂದಾಗ, ಸೇಂಟ್ ಪೀಟರ್ ಪೋರ್ಟ್ ಊರಿನ ದಿನ್ನೆಯ ಮೇಲೆ ಓತ್‌ವೀಲ್ ಹೌಸ್ ಎಂಬ ಮನೆ ಕೊಂಡ. ಆಸ್ತಿವಂತನನ್ನು ದ್ವೀಪದಿಂದ ಎಬ್ಬಿಸುವುದು ಸುಲಭವಲ್ಲ. ಆ ಲೆಕ್ಕಾಚಾರವೂ ಇತ್ತು. ಹಳೆಯ ಊಳಿಗಮಾನ್ಯ ಕಟ್ಟಳೆಯಂತೆ ವರ್ಷಕ್ಕೆ ಎರಡು ಕೋಳಿಯ ಕಾಣಿಕೆಯನ್ನು ರಾಣಿಗೆ ಸಲ್ಲಿಸುವ ಪ್ರಜೆಯಾದ ಅವನು, ಅವಳ ಮಿತ್ರನಾದ ಚಕ್ರವರ್ತಿಯ ಮೇಲೆ ಅಲ್ಲಿಂದಲೇ ಲೇಖನಿ ಹಿಡಿದು ಕೂತ.

ಕೂತ ಎಂದೆ, ಬರೆಯುತ್ತಿದ್ದದ್ದು ನಿಂತುಕೊಂಡು. ಮನೆಯ ನೆತ್ತಿಯ ಮೇಲೆ ಗಾಜಿನ ಕೋಣೆ ಕಟ್ಟಿಸಿಕೊಂಡಿದ್ದ. ಬಂದರಿಗೆ ಯಾವ ಹಡಗು ಬಂತು, ಯಾವುದು ಹೊರಟಿತು ಎಂಬುದು ಅಲ್ಲಿಂದ ಕಾಣುತ್ತಿತ್ತು. ಹತ್ತಿರದ ಕೋಟೆಯಲ್ಲಿ ಬೆಳಗಿನ ತೋಪು ಹಾರಿದೊಡನೆ ಏಳುವುದು. ಕಾಫಿಯ ಜೊತೆಗೆ ದಿನದ ಮೊದಲ ಕಾಗದ. ಅದು ಕಡಲು ದಾಟಿ ಬಂದದ್ದಲ್ಲ, ಕೂಗಳತೆಯ ಮನೆಯಿಂದ ಬಂದದ್ದು. ಬರೆದವಳು ಜೂಲಿಯೆಟ್.

ಹ್ಯೂಗೋನ ಹೆಂಡತಿ ಆದೆಲ್ ಮತ್ತು ಮಕ್ಕಳು ಓತ್‌ವೀಲ್ ಹೌಸಿನಲ್ಲಿದ್ದರು. ಜೂಲಿಯೆಟ್‌ಗೆ ಹತ್ತಿರವೇ ಬೇರೆ ಮನೆ ಮಾಡಿದ್ದ. ಅವಳ ಕಿಟಕಿಯಿಂದ ಅವನ ಮಾಡು ಕಾಣುತ್ತಿತ್ತು. ಅವನು ಎದ್ದ ಗುರುತಿಗೆ ಕಟಕಟೆಗೆ ಒಂದು ಬಟ್ಟೆ ಕಟ್ಟಿದರೆ ಅವಳಿಗೆ ಬೆಳಗಾಯಿತು. ದಿನಕ್ಕೊಂದು, ಎಷ್ಟೋ ದಿನ ಎರಡು ಕಾಗದ ಬರೆಯುತ್ತಿದ್ದಳು. ಒಟ್ಟು ಐವತ್ತು ವರ್ಷಗಳಲ್ಲಿ ಬರೆದದ್ದು 20 ಸಾವಿರಕ್ಕೂ ಹೆಚ್ಚೆಂದು ಅಂದಾಜು. ನಿದ್ದೆ ಬಂತೇ, ತಲೆನೋವು ಹೋಯಿತೇ, ಇವತ್ತು ಗಾಳಿ ಎಷ್ಟಿದೆ, ಕೆಲಸದವಳು ಏನು ಒಡೆದಳು, ನಿನ್ನೆ ನೀವು ಯಾರನ್ನು ನೋಡಿ ನಕ್ಕಿರಿ ಎಂಬ ಮಾತುಗಳು ಅವುಗಳ ತುಂಬ. ಪ್ರೀತಿ, ಹೊಟ್ಟೆಕಿಚ್ಚು, ಒಂಟಿತನ ಒಂದರ ಬೆನ್ನಿಗೆ ಒಂದು ಬರುತ್ತವೆ. ಹೀಗೆ ದಿನವೂ ಮನಸ್ಸಿನ ವರದಿ ಒಪ್ಪಿಸಬೇಕೆಂದು ಮೊದಲು ಬಯಸಿದವನು ಹ್ಯೂಗೋ. ಅವನ ಕಡೆಯಿಂದ ಉತ್ತರ ಬರುತ್ತಿದ್ದದ್ದು ಅಪರೂಪಕ್ಕೆ. ತಮ್ಮ ಮೊದಲ ರಾತ್ರಿಯ ನೆನಪಿಗೆ ಪ್ರತಿ ಫೆಬ್ರವರಿಯಲ್ಲಿ ಅವಳ ಕೆಂಪು ಪುಸ್ತಕದಲ್ಲಿ ತಪ್ಪದೆ ಬರೆಯುತ್ತಿದ್ದ. ಲೆಕ್ಕ ನೇರವಾಗಿಲ್ಲ ಎಂದು ಇಂದಿನ ಓದುಗರು ಸಿಡಿಮಿಡಿಗೊಂಡರೆ ತಪ್ಪಿಲ್ಲ, ನನಗೂ ಅನ್ನಿಸಿದೆ. ಆದರೆ ಆ ಮನೆಯೊಳಗೆ ದಿನಗಳು ಹೇಗೆ ಸರಿದವೆಂಬುದನ್ನು ಹ್ಯೂಗೋನ ಗಂಭೀರ ಪತ್ರಗಳಿಗಿಂತ ಅವಳ ಹರಟೆಯೇ ಚೆನ್ನಾಗಿ ಹೇಳುತ್ತದೆ.

ಉಳಿದ ಟಪಾಲು ಸೌತಾಂಪ್ಟನ್ನಿನಿಂದ ಹಡಗಿನಲ್ಲಿ ಬರುತ್ತಿತ್ತು. ಬಿರುಗಾಳಿಯಾದರೆ ಅದೂ ಇಲ್ಲ. ಪ್ಯಾರಿಸ್ಸಿನಿಂದ ಪಾಲ್ ಮೊರೀಸ್, ಒಗ್ಯುಸ್ತ್ ವಾಕ್ರಿ ಎಂಬ ನಿಷ್ಠಾವಂತ ಗೆಳೆಯರ ಕಾಗದಗಳು. ಬ್ರಸೆಲ್ಸಿನಿಂದ ತಾನೂ ದೇಶಭ್ರಷ್ಟನಾದ ನೋಎಲ್ ಪಾರ್ಫೆಯ ಕಾಗದಗಳು. ‘ಚಿಂತನೆಗಳು’ ಪುಸ್ತಕದ ಕರಡನ್ನು ಹ್ಯೂಗೋನ ಪರವಾಗಿ ಅಲ್ಲಿ ಕಾದವನು ಅವನು. ಒಂದೊಂದು ವಿರಾಮಚಿಹ್ನೆಯ ಬಗ್ಗೆಯೂ ಗರ್ನ್ಸಿಯಿಂದ ತಾಕೀತು ಬರುತ್ತಿತ್ತು. ಅಪರಿಚಿತರ ಕಾಗದಗಳಿಗಂತೂ ಮಿತಿಯಿಲ್ಲ. 1858ರ ಡಿಸೆಂಬರಿನಲ್ಲಿ ಹದಿನಾಲ್ಕು ವರ್ಷದ ಒಬ್ಬ ಶಾಲಾ ಹುಡುಗ ಸಾವಿನ ಮೇಲೆ ತಾನು ಕಟ್ಟಿದ ಪದ್ಯವನ್ನು ಕಳಿಸಿದ. ಹುಡುಗನ ಹೆಸರು ಪಾಲ್ ವರ್ಲೆನ್. ಅವನ ಕವಿತೆಗಳಲ್ಲಿ ಇಂದು ನಮಗೆ ದೊರೆತಿರುವ ಅತಿ ಹಳೆಯದು ಅದೇ. ಮರುವರ್ಷ ಬೋದಿಲೇರ್ ‘ಹಂಸ’ ಎಂಬ ಕವಿತೆಯನ್ನು ಹ್ಯೂಗೋನಿಗೆ ಅರ್ಪಿಸಿ ಕಳಿಸಿದ. ಲಂಕೇಶರು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದ ಅದೇ ಬೋದಿಲೇರ್. ಊರು ಬಿಟ್ಟವರ, ಕಳೆದುಕೊಂಡವರ ಅಳಲಿನ ಆ ಕವಿತೆಗೆ ಸಲ್ಲುವ ವಿಳಾಸ ಆ ಕಾಲದಲ್ಲಿ ಗರ್ನ್ಸಿಯೇ ಆಗಿತ್ತು. ಹೊಸ ವರ್ಷಕ್ಕೆ ಹ್ಯೂಗೋ ಗೆಳೆಯರಿಗೆ ತಾನೇ ಶಾಯಿಯಲ್ಲಿ ಚಿತ್ರ ಬರೆದು ಕಳಿಸುವುದೂ ಇತ್ತು. ಕತ್ತಲ ಆಕಾಶ, ಕೋಟೆ, ಅಲೆ, ಅವುಗಳ ನಡುವೆ ಬಂಡೆಯಂತೆ ನಿಂತ ತನ್ನದೇ ಹೆಸರಿನ ಅಕ್ಷರಗಳು.

ಅವನ ಅತಿ ದೊಡ್ಡ ಕಾದಂಬರಿ ಹೊರಬಂದದ್ದೂ ಟಪಾಲಿನ ಹೆಗಲ ಮೇಲೆ. 1860ರ ಏಪ್ರಿಲಿನಲ್ಲಿ ಟ್ರಂಕು ತೆರೆದು ಹನ್ನೆರಡು ವರ್ಷದಿಂದ ನಿಂತಿದ್ದ ‘ಲೆ ಮಿಸರಾಬಲ್’ ಹೊರತೆಗೆದ. 1861ರ ಜೂನ್ 30ರಂದು ವಾಟರ್ಲೂ ಯುದ್ಧಭೂಮಿಯ ಹತ್ತಿರದ ಹೋಟೆಲಿನಲ್ಲಿ ಕೊನೆಯ ಸಾಲು ಬರೆದು, ಅದೇ ದಿನ ವಾಕ್ರಿಗೆ ಕಾಗದ ಹಾಕಿದ. ಆ ಅಕ್ಟೋಬರಿನಲ್ಲಿ ಆಲ್ಬರ್ಟ್ ಲಕ್ರ್ವಾ ಎಂಬ ಬೆಲ್ಜಿಯಂನ ತರುಣ ಪ್ರಕಾಶಕ ಖುದ್ದಾಗಿ ಗರ್ನ್ಸಿಗೆ ಬಂದು 3 ಲಕ್ಷ ಫ್ರಾಂಕಿನ ಕರಾರಿಗೆ ಸಹಿ ಹಾಕಿದ. ಅಷ್ಟು ಹಣ ಅವನಲ್ಲಿರಲಿಲ್ಲ. ಬ್ಯಾಂಕಿನಿಂದ ಸಾಲ ಎತ್ತಿದ್ದ. ಅಚ್ಚಿನ ಮೊಳೆ ಜೋಡಣೆ ಬ್ರಸೆಲ್ಸಿನಲ್ಲಿ. ಕರಡು ತಿದ್ದುವುದಕ್ಕಾದರೂ ಬನ್ನಿ ಎಂದು ಲಕ್ರ್ವಾ ಬೇಡಿಕೊಂಡರೂ ಹ್ಯೂಗೋ ಗಾಜಿನ ಕೋಣೆ ಬಿಟ್ಟು ಕದಲಲಿಲ್ಲ.

ಆ ಆರೇಳು ತಿಂಗಳ ದುಡಿಮೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಕಾದಂಬರಿ ಹತ್ತು ಸಂಪುಟದ್ದು. ಜೂಲಿಯೆಟ್ ಮತ್ತು ಹ್ಯೂಗೋನ ನಾದಿನಿ ಜೂಲಿ ಶನೆ ಅವನ ಗಿಜಿಗಿಜಿ ಹಸ್ತಪ್ರತಿಯಿಂದ ಶುದ್ಧ ಪ್ರತಿ ತೆಗೆಯಬೇಕು. ಅದು ಹಡಗು ಹತ್ತಿ ಇಂಗ್ಲೆಂಡು, ಅಲ್ಲಿಂದ ಮತ್ತೆ ಕಡಲು ದಾಟಿ ಬೆಲ್ಜಿಯಂ ಸೇರಬೇಕು. ಕರಡಚ್ಚು ಅದೇ ದಾರಿಯಲ್ಲಿ ಹಿಂದಿರುಗಬೇಕು. ಹ್ಯೂಗೋ ತಿದ್ದಿದ್ದಲ್ಲದೆ ಹೊಸ ಪುಟಗಳನ್ನೂ ಸೇರಿಸಿ, ಮುಂದಿನ ಹಡಗು ಹೊರಡುವ ಮೊದಲು ಕಟ್ಟು ಕಟ್ಟಿ ಕಳಿಸಬೇಕು. ಮಂಜು ಕವಿದು ಹಡಗು ನಿಂತರೆ ಬ್ರಸೆಲ್ಸಿನಲ್ಲಿ ಅಚ್ಚಿನ ಯಂತ್ರ ನಿಂತಿತು. ತತ್ವಚಿಂತನೆಯ ಭಾಗಗಳನ್ನು ಸ್ವಲ್ಪ ಮೊಟಕು ಮಾಡಬಹುದೇ ಎಂದು ಲಕ್ರ್ವಾ ಹಿಂಜರಿಯುತ್ತ ಬರೆದ. ಆಗದು ಎಂದು ಉತ್ತರ ಹೋಯಿತು. 1862ರ ಮಾರ್ಚ್ 30ರಂದು ಬ್ರಸೆಲ್ಸಿನಲ್ಲಿ, ಏಪ್ರಿಲ್ 3ರಂದು ಪ್ಯಾರಿಸ್ಸಿನಲ್ಲಿ ಮೊದಲ ಭಾಗ ಮಾರಾಟಕ್ಕೆ ಬಂತು. ಕೊನೆಯ ಸಂಪುಟಗಳ ಕರಡು ಇನ್ನೂ ಅಲೆಗಳ ಮೇಲೆ ಓಡಾಡುತ್ತಿದ್ದಾಗಲೇ ಮೊದಲ ಸಂಪುಟಗಳನ್ನು ಓದಿದವರು ಮುಂದೇನೆಂದು ಕಾಯುತ್ತಿದ್ದರು. ಜೂನ್ 30ಕ್ಕೆ ಎಲ್ಲವೂ ಹೊರಬಂತು.

ಪುಸ್ತಕ ಹೇಗೆ ಮಾರಾಟವಾಗುತ್ತಿದೆ ಎಂದು ತಿಳಿಯಲು ಹ್ಯೂಗೋ ಬರಿಯ ಒಂದು ಪ್ರಶ್ನೆಯ ಗುರುತು ಬರೆದು ಕಳಿಸಿದ, ಪ್ರಕಾಶಕ ಒಂದು ಉದ್ಗಾರ ಚಿಹ್ನೆಯಲ್ಲಿ ಉತ್ತರಿಸಿದ ಎಂಬ ಕಥೆ ಲೋಕದಲ್ಲೆಲ್ಲ ಓಡಾಡುತ್ತಿದೆ. ಅಂಥ ಕಾಗದ ಯಾರ ಕೈಗೂ ಸಿಕ್ಕಿಲ್ಲ. ಸಿಕ್ಕಿರುವುದು ಅಲ್ಪವಿರಾಮಗಳಿಗಾಗಿ, ಅಧ್ಯಾಯದ ತಲೆಬರಹಗಳಿಗಾಗಿ, ತಡವಾದ ಕಟ್ಟುಗಳಿಗಾಗಿ ಜಗಳವಾಡಿದ ಉದ್ದುದ್ದ ಕಾಗದಗಳು. ಆ ಚುಟುಕು ಕಥೆಗಿಂತ ಈ ಬೆವರಿನ ಕಾಗದಗಳೇ ನನಗೆ ಹೆಚ್ಚು.

ಇನ್ನೊಂದು ಬಗೆಯ ಕಾಗದವೂ ಆ ಮನೆಯಿಂದ ಹೊರಡುತ್ತಿತ್ತು. ಸಂಸತ್ತಿನ ವೇದಿಕೆ ಇಲ್ಲ, ಫ್ರಾನ್ಸಿನ ಪತ್ರಿಕೆಗಳು ಅವನ ಮಾತು ಮುಟ್ಟುವಂತಿಲ್ಲ. ಆದರೆ ಒಂದು ಹಾಳೆಯ ಬಹಿರಂಗ ಪತ್ರವನ್ನು ಯಾವ ದೇಶದ ಪತ್ರಿಕೆಯೂ ಅಚ್ಚು ಹಾಕಬಹುದು, ಯಾರೂ ನಕಲು ಮಾಡಿ ಕೈಯಿಂದ ಕೈಗೆ ದಾಟಿಸಬಹುದು. ಹ್ಯೂಗೋ ಅದನ್ನೇ ವೇದಿಕೆ ಮಾಡಿಕೊಂಡ. ಮೊದಲ ಪ್ರಯತ್ನ ಜರ್ಸಿಯಲ್ಲಿದ್ದಾಗಿನದು. ಗರ್ನ್ಸಿಯಲ್ಲಿ ಟ್ಯಾಪ್ನರ್ ಎಂಬ ಕೊಲೆ ಅಪರಾಧಿಗೆ ಗಲ್ಲು ವಿಧಿಸಿದ್ದರು. ಅವನನ್ನು ಕೊಲ್ಲಬೇಡಿ ಎಂದು 1854ರ ಜನವರಿಯಲ್ಲಿ ದ್ವೀಪದ ಜನರಿಗೆ ಬರೆದ. ಫೆಬ್ರವರಿ 10ರಂದು ಗಲ್ಲಾಯಿತು. ಮಾರನೆಯ ದಿನವೇ ಬ್ರಿಟಿಷ್ ಸಚಿವ ಪಾಮರ್ಸ್ಟನ್‌ಗೆ ಉರಿಯುವ ಪತ್ರ ಬರೆದ. ಕತ್ತಲಲ್ಲಿ ನೇತಾಡುವ ಹೆಣದ ಚಿತ್ರಗಳನ್ನೂ ಬರೆದ.

1859ರ ಅಕ್ಟೋಬರಿನಲ್ಲಿ ಅಮೆರಿಕದ ಜಾನ್ ಬ್ರೌನ್ ಗುಲಾಮರನ್ನು ಬಿಡಿಸಲೆಂದು ವರ್ಜೀನಿಯಾದ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದ ಮೇಲೆ ದಾಳಿ ಮಾಡಿ ಸೆರೆಸಿಕ್ಕ. ಗಲ್ಲು ಖಚಿತವಾಗಿತ್ತು. ಅಟ್ಲಾಂಟಿಕ್ ಕಡಲಡಿಯ ತಂತಿ ಹಿಂದಿನ ವರ್ಷ ಕೆಲವೇ ವಾರ ಕೆಲಸ ಮಾಡಿ ಸತ್ತುಹೋಗಿತ್ತು. ಸುದ್ದಿ ಬರುವುದೂ ಹೋಗುವುದೂ ಹಡಗಿನಲ್ಲೇ. ಬ್ರೌನನನ್ನು ಉಳಿಸಿ, ಅವನನ್ನು ಕೊಂದರೆ ನಿಮ್ಮ ಒಕ್ಕೂಟವೇ ಬಿರುಕು ಬಿಟ್ಟೀತು ಎಂದು ಹ್ಯೂಗೋ ಅಮೆರಿಕದ ಜನರಿಗೆ ಬರೆದ. ಪತ್ರದ ತಾರೀಕು ಡಿಸೆಂಬರ್ 2. ಅದೇ ದಿನ ಬ್ರೌನನನ್ನು ಗಲ್ಲಿಗೇರಿಸಿದರು. ಪತ್ರ ಯುರೋಪಿನ ಪತ್ರಿಕೆಗಳಲ್ಲೆಲ್ಲ ಬಂತು. ಮರುವರ್ಷ ಹೈಟಿಯಿಂದ, ಗುಲಾಮಗಿರಿಯನ್ನು ಕಿತ್ತೊಗೆದ ಆ ಕಪ್ಪು ಗಣರಾಜ್ಯದಿಂದ, ಬಂದ ಕೃತಜ್ಞತೆಯ ಪತ್ರಕ್ಕೆ ಹ್ಯೂಗೋ ಉತ್ತರ ಬರೆದ. ಟ್ಯಾಪ್ನರ್ ನೆಪದಲ್ಲಿ ಬರೆದಿದ್ದ ಹೆಣದ ಚಿತ್ರವೊಂದನ್ನೇ ಜಾನ್ ಬ್ರೌನ್ ಹೆಸರಿನಲ್ಲಿ ಅಚ್ಚು ಹಾಕಿಸಿದರು. 1861ರ ಏಪ್ರಿಲಿನಲ್ಲಿ ಅಮೆರಿಕದ ಒಕ್ಕೂಟ ಅಂತರ್ಯುದ್ಧಕ್ಕೆ ಬಿತ್ತು.

ಬ್ರೌನ್ ಪತ್ರದ ಎಂಟು ವರ್ಷದ ನಂತರ ಮತ್ತೆ ಹಾಗೆಯೇ ಆಯಿತು. ಮೆಕ್ಸಿಕೋದಲ್ಲಿ ಫ್ರೆಂಚ್ ಬಂದೂಕುಗಳ ಬಲದಿಂದ ಸಿಂಹಾಸನ ಏರಿದ್ದ ಮ್ಯಾಕ್ಸಿಮಿಲಿಯನ್ ಸೋತು ಸೆರೆಯಾದ. ಹ್ಯೂಗೋನ ಒಲವೆಲ್ಲ ಗೆದ್ದ ಮೆಕ್ಸಿಕೋ ನಾಯಕ ಹುವಾರೆಸ್ ಕಡೆಗೇ. ಆದರೂ ವೈರಿಯ ಜೀವ ಉಳಿಸಿ ನಿಮ್ಮ ಗೆಲುವನ್ನು ದೊಡ್ಡದು ಮಾಡಿ ಎಂದು ಅವನಿಗೆ ಬರೆದ. ತಾರೀಕು 1867ರ ಜೂನ್ 20. ಮ್ಯಾಕ್ಸಿಮಿಲಿಯನ್‌ಗೆ ಗುಂಡಿಟ್ಟದ್ದು ಜೂನ್ 19. ಹಡಗಿನ ವೇಗದ ಮುಂದೆ ಸಾವಿನ ವೇಗ ಎರಡೂ ಸಲ ಗೆದ್ದಿತು. ಆದರೂ ಈ ಪತ್ರಗಳು ವ್ಯರ್ಥವೆನ್ನುವವರ ಮಾತನ್ನು ನಾನು ಒಪ್ಪಲಾರೆ. ಮರಣದಂಡನೆಯ ವಿರುದ್ಧ ಒಬ್ಬ ಮನುಷ್ಯ ಒಂದೇ ದನಿಯಲ್ಲಿ, ತನಗೆ ಬೇಕಾದವನಿಗಾಗಿಯೂ ಬೇಡವಾದವನಿಗಾಗಿಯೂ ಬೇಡಿದ್ದು ಯುರೋಪಿನ ಕಿವಿಯಲ್ಲಿ ಉಳಿಯಿತು. ಅದೇ 1867ರಲ್ಲಿ ಪೋರ್ಚುಗಲ್ ಸಾಮಾನ್ಯ ಅಪರಾಧಗಳಿಗೆ ಮರಣದಂಡನೆ ರದ್ದು ಮಾಡಿದಾಗ ಹ್ಯೂಗೋ ಬರೆದ ಅಭಿನಂದನೆಯ ಪತ್ರ ಮಾತ್ರ ಹೊತ್ತಿಗೆ ಸರಿಯಾಗಿ ಹೊರಟಿತು.

ಈ ಪತ್ರಗಳೆಲ್ಲ ಮರಣದಂಡನೆಯ ಬಗ್ಗೆಯೇ ಅಲ್ಲ. 1861ರ ನವೆಂಬರಿನಲ್ಲಿ ಕ್ಯಾಪ್ಟನ್ ಬಟ್ಲರ್ ಎಂಬವನಿಗೆ ಬರೆದ ಪತ್ರ ಬೀಜಿಂಗಿನ ಬೇಸಗೆ ಅರಮನೆಯನ್ನು ಕುರಿತದ್ದು. ಹಿಂದಿನ ವರ್ಷ ಇಂಗ್ಲಿಷ್ ಮತ್ತು ಫ್ರೆಂಚ್ ಸೈನ್ಯಗಳು ಅದನ್ನು ದೋಚಿ ಸುಟ್ಟಿದ್ದವು. ಇಬ್ಬರು ದರೋಡೆಕೋರರು ಒಂದು ಅರಮನೆಗೆ ನುಗ್ಗಿದರು, ಇತಿಹಾಸದಲ್ಲಿ ಒಬ್ಬನ ಹೆಸರು ಫ್ರಾನ್ಸ್, ಇನ್ನೊಬ್ಬನದು ಇಂಗ್ಲೆಂಡ್ ಎಂಬ ಅರ್ಥದ ಮಾತು ಅದರಲ್ಲಿದೆ. ತನ್ನ ದೇಶದ ಸೈನ್ಯವನ್ನೂ ತನಗೆ ಆಶ್ರಯ ಕೊಟ್ಟ ದೇಶದ ಸೈನ್ಯವನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸುವ ಧೈರ್ಯ ಅದು. ಆ ಅರಮನೆಯ ಅವಶೇಷಗಳ ನಡುವೆ ಇಂದು ಹ್ಯೂಗೋನ ಪ್ರತಿಮೆ ಇದೆ.

ಲೋಕಕ್ಕೆಲ್ಲ ಹೀಗೆ ಬರೆಯುತ್ತಿದ್ದವನ ಮನೆಯೊಳಗೆ ಬಿರುಕು ಬೆಳೆಯುತ್ತಿತ್ತು. ದ್ವೀಪದ ಬಾಳು ಅವನಿಗೆ ಒಗ್ಗಿತು, ಉಳಿದವರಿಗಲ್ಲ. 1859ರಲ್ಲಿ ಚಕ್ರವರ್ತಿ ಕ್ಷಮಾದಾನ ಘೋಷಿಸಿದಾಗ, ಸ್ವಾತಂತ್ರ್ಯ ಮರಳುವವರೆಗೆ ತಾನೂ ಮರಳುವುದಿಲ್ಲ ಎಂದು ಹ್ಯೂಗೋ ಸಾರಿದ. ಆ ಛಲಕ್ಕೆ ಹೆಂಡತಿ ಮಕ್ಕಳೂ ಕಂದಾಯ ಕಟ್ಟಿದರು. ಕಿರಿಯ ಮಗಳ ಹೆಸರೂ ಆದೆಲ್. 1863ರ ಜೂನಿನಲ್ಲಿ, ಪಿನ್ಸನ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿಯ ಬೆನ್ನು ಹತ್ತಿ ಮನೆ ಬಿಟ್ಟು ಹೋದಳು. ಅಟ್ಲಾಂಟಿಕ್ ದಾಟಿ ಕೆನಡಾದ ಹ್ಯಾಲಿಫ್ಯಾಕ್ಸ್ ಸೇರಿದಳು. ಮದುವೆಯಾಯಿತು ಎಂದು ಅಲ್ಲಿಂದ ಕಾಗದ ಬಂತು. ತಂದೆ ಗರ್ನ್ಸಿಯ ಪತ್ರಿಕೆಯಲ್ಲಿ ಮದುವೆಯ ಪ್ರಕಟಣೆ ಹಾಕಿಸಿದ. ಆಮೇಲೆ ಗೊತ್ತಾಯಿತು, ಮದುವೆ ಆಗಿರಲೇ ಇಲ್ಲ. ಪಿನ್ಸನ್‌ಗೆ ಅವಳು ಬೇಕಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಹಿರಿಯ ಮಗಳು ಲೆಓಪೋಲ್ದಿನ್ ಸೇನ್ ನದಿಯಲ್ಲಿ ಮುಳುಗಿ ಸತ್ತ ಸುದ್ದಿಯನ್ನು, ಪ್ರವಾಸದಲ್ಲಿದ್ದ ಹ್ಯೂಗೋ ಐದು ದಿನ ತಡವಾಗಿ ಕಾಫಿ ಅಂಗಡಿಯ ಪತ್ರಿಕೆಯಲ್ಲಿ ಓದಿ ತಿಳಿದಿದ್ದ. ಈ ಸಲ ಕಾಗದ ತಡವಾಗದೆ ಬಂತು, ಆದರೆ ಅದರಲ್ಲಿದ್ದದ್ದು ನಿಜವಲ್ಲ. ಹಣ ಕಳಿಸುತ್ತ, ಹಿಂದಿರುಗು ಎಂದು ಮನೆಯವರು ಬರೆಯುತ್ತ ವರ್ಷಗಳು ಹೋದವು. ಅವಳು ಅಲ್ಲಿಂದ ಬಾರ್ಬಡೋಸಿಗೂ ಹೋಗಿ, 1872ರಲ್ಲಿ ಮನಸ್ಸು ಪೂರ್ತಿ ಕದಡಿದ ಸ್ಥಿತಿಯಲ್ಲಿ ಫ್ರಾನ್ಸಿಗೆ ಮರಳಿದಳು. ಉಳಿದ ಆಯುಸ್ಸನ್ನು ಚಿಕಿತ್ಸಾಲಯದಲ್ಲಿ ಕಳೆದು 1915ರಲ್ಲಿ ತೀರಿಕೊಂಡಳು. ತಾಯಿ 1868ರಲ್ಲೇ ಬ್ರಸೆಲ್ಸಿನಲ್ಲಿ ತೀರಿದ್ದಳು. ಹ್ಯೂಗೋ ಶವಪೆಟ್ಟಿಗೆಯ ಜೊತೆ ಫ್ರಾನ್ಸಿನ ಗಡಿಯವರೆಗೆ ಹೋಗಿ ಅಲ್ಲಿಂದ ಹಿಂದಿರುಗಿದ.

1870ರ ಸೆಪ್ಟೆಂಬರಿನಲ್ಲಿ ಸೆಡಾನ್ ಯುದ್ಧದಲ್ಲಿ ಸೋತ ಚಕ್ರವರ್ತಿ ಸೆರೆಯಾದ. 4ರಂದು ಗಣರಾಜ್ಯ ಘೋಷಣೆಯಾಯಿತು, 5ರಂದು ಹ್ಯೂಗೋ ಪ್ಯಾರಿಸ್ಸಿಗೆ ಕಾಲಿಟ್ಟ. ಎರಡು ವಾರದೊಳಗೆ ಪ್ರಷ್ಯದ ಸೈನ್ಯ ನಗರವನ್ನು ಮುತ್ತಿತು. ಈಗ ಪ್ಯಾರಿಸ್ಸೇ ದ್ವೀಪ. ಒಳಗಿನವರ ಕಾಗದಗಳನ್ನು ಬಲೂನುಗಳಲ್ಲಿ ಹಾರಿಸತೊಡಗಿದರು. ಅಕ್ಟೋಬರ್ 18ರಂದು ಟಪಾಲು ಹೊತ್ತು ಮೇಲೇರಿದ ಬಲೂನಿನ ಹೆಸರು ‘ವಿಕ್ಟರ್ ಹ್ಯೂಗೋ’.

ಲೋಕಕ್ಕೆ ಬರೆದ ಪತ್ರಗಳನ್ನು ಹ್ಯೂಗೋ 1875ರಲ್ಲಿ, ಗಡೀಪಾರಿನ ಕಾಲದ ಭಾಷಣಗಳ ಜೊತೆ ಸೇರಿಸಿ ತಾನೇ ಪುಸ್ತಕವಾಗಿ ತಂದ. ಜೂಲಿಯೆಟ್‌ನ ಕಾಗದಗಳಿಗೆ ಅಂಥ ಸಂಭ್ರಮವಿರಲಿಲ್ಲ. ಪ್ಯಾರಿಸ್ಸಿಗೆ ಮರಳಿದ ಮೇಲೆ, ಕೊನೆಯ ವರ್ಷಗಳಲ್ಲಿ ಒಂದೇ ಮನೆಯಲ್ಲಿದ್ದಾಗಲೂ ಅವಳು ಬರೆಯುವುದನ್ನು ಬಿಡಲಿಲ್ಲ. ಕಾಯಿಲೆಯಲ್ಲಿ ಕೈ ನಡುಗುತ್ತಿದ್ದಾಗ ಬರೆದ ಕೊನೆಯ ಕಾಗದ 1883ರ ಜನವರಿ 1ರದು. ಆ ಮೇ ತಿಂಗಳಲ್ಲಿ ತೀರಿಕೊಂಡಳು. ಕಾಗದಗಳ ಬಹುಭಾಗ ಈಗ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ವಿದ್ವಾಂಸರ ಒಂದು ತಂಡ ಅವುಗಳನ್ನು ಒಂದೊಂದಾಗಿ ಓದಿ, ಟಿಪ್ಪಣಿ ಬರೆದು ಪ್ರಕಟಿಸುವ ಕೆಲಸವನ್ನು ಈ ಶತಮಾನದಲ್ಲಿ ಕೈಗೆತ್ತಿಕೊಂಡಿತು.